ಸರ್ಪಗಂಧ: ಬೇರು ಹೇಳಿದ್ದೇನು, ಪ್ರಯೋಗ ಹೇಳಿದ್ದೇನು

(ಕಲ್ಲೂರಿನಲ್ಲಿ ಈಚೆಗೆ ನೀಡಿದ ಉಪನ್ಯಾಸದ ಬರಹರೂಪ)



ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಬಂದರೆ ಕಲ್ಲೂರು, ಮಾನ್ವಿ, ದೇವದುರ್ಗದ ಕಡೆ ಮೊದಲು ಕೇಳಿಬರುವ ಪ್ರಶ್ನೆ, 'ಎಲ್ಲಿಗೆ ಕರಕೊಂಡು ಹೋಗಬೇಕು?' ಎಂಬುದು. ಗುಡಿ, ದರ್ಗಾ, ತಾಯತ ಕಟ್ಟುವವರು, ಬೇರು ಅರೆದು ಕೊಡುವವರು, ಇವೆಲ್ಲ ಮುಗಿದ ಮೇಲೆ ರಾಯಚೂರಿನ ಆಸ್ಪತ್ರೆ. ಹಲವು ಕುಟುಂಬಗಳ ದಾರಿ ಈ ಕ್ರಮದಲ್ಲೇ ಸಾಗುತ್ತದೆ. ಆಸ್ಪತ್ರೆ ತಲುಪಿದ ಮೇಲೂ ವಾದ ನಿಲ್ಲುವುದಿಲ್ಲ. 'ಇಂಗ್ಲಿಷ್ ಗುಳಿಗೆ ಬರೀ ನಿದ್ದೆ ಬರಿಸುತ್ತದೆ, ಬೇರಿನ ಔಷಧಿಯೇ ಮೇಲು' ಎಂದು ಒಬ್ಬರು ಹೇಳುತ್ತಾರೆ. 'ಬೇರು ನಾರು ಎಲ್ಲ ಮೂಢನಂಬಿಕೆ' ಎಂದು ಇನ್ನೊಬ್ಬರು ಹೇಳುತ್ತಾರೆ.

ಈ ವಾದವನ್ನು ಮಾತಿನಿಂದ ಬಗೆಹರಿಸಲಾಗದು. ಆದರೆ ಒಂದು ಗಿಡದ ಮಟ್ಟಿಗೆ ಅದು ಪ್ರಯೋಗಾಲಯಕ್ಕೂ ಆಸ್ಪತ್ರೆಯ ವಾರ್ಡಿಗೂ ಹೋಗಿ ಉತ್ತರ ಪಡೆದುಕೊಂಡು ಬಂದಿದೆ. ಆ ಗಿಡ ಸರ್ಪಗಂಧ. ಕನ್ನಡದಲ್ಲಿ ಸೂತ್ರನಾಭಿ, ಶಿವನಾಭಿ ಎಂಬ ಹೆಸರುಗಳೂ ಇವೆ. ಯುನಾನಿ ಹಕೀಮರು ಇದನ್ನು ಅಸ್ರೋಲ್ ಎನ್ನುತ್ತಾರೆ. ಮನೋರೋಗಕ್ಕೆ ಜನ ಬಳಸುತ್ತಿದ್ದ ಗಿಡಗಳಲ್ಲಿ ಇದರಷ್ಟು ಪರೀಕ್ಷೆಗೆ ಒಳಗಾದದ್ದು ಬಹುಶಃ ಮತ್ತೊಂದಿಲ್ಲ. ಇದರ ಹತ್ತಿರದ ಸಂಬಂಧಿಯೊಂದು ಆಫ್ರಿಕದಲ್ಲಿ ಇದೇ ಕೆಲಸಕ್ಕೆ ಬಳಕೆಯಲ್ಲಿತ್ತು ಎಂಬುದು ಈ ಕಥೆಯ ಇನ್ನೊಂದು ಸ್ವಾರಸ್ಯ.

ಮಲೆನಾಡಿನ ಗಿಡ, ಬಿಹಾರದ ಮದ್ದು

ಸರ್ಪಗಂಧ ನಮ್ಮ ಬಯಲುಸೀಮೆಯ ಗಿಡವಲ್ಲ. ತೇವ ಮತ್ತು ನೆರಳು ಬಯಸುವ ಈ ಪುಟ್ಟ ಗಿಡ ಪಶ್ಚಿಮ ಘಟ್ಟದಲ್ಲಿ, ಹಿಮಾಲಯದ ತಪ್ಪಲಿನಲ್ಲಿ, ಬಂಗಾಳ, ಅಸ್ಸಾಂ ಕಡೆಯ ಕಾಡುಗಳಲ್ಲಿ ಬೆಳೆಯುತ್ತದೆ. ಎತ್ತರ ಮೊಳಕಾಲಿನಷ್ಟು. ಬಿಳಿ ಇಲ್ಲವೆ ನಸುಗೆಂಪು ಹೂವು, ಮಾಗಿದಾಗ ಕಪ್ಪಾಗುವ ಸಣ್ಣ ಹಣ್ಣು. ಸತ್ವವೆಲ್ಲ ಬೇರಿನಲ್ಲಿ, ಅದರಲ್ಲೂ ಬೇರಿನ ತೊಗಟೆಯಲ್ಲಿ. ಅದು ಬಲು ಕಹಿ.

ಹಳೆಯ ವೈದ್ಯಗ್ರಂಥಗಳಲ್ಲಿ ಸರ್ಪಗಂಧದ ಹೆಸರು ಹೆಚ್ಚಾಗಿ ವಿಷದ ಚಿಕಿತ್ಸೆಯೊಂದಿಗೆ ಬರುತ್ತದೆ. ಹುಚ್ಚಿಗೆ ಇದು ಮದ್ದು ಎಂಬ ತಿಳಿವಳಿಕೆ ಬಲವಾಗಿ ಇದ್ದದ್ದು ಬಿಹಾರ, ಬಂಗಾಳದ ಜನಸಾಮಾನ್ಯರಲ್ಲಿ. ಅಲ್ಲಿ ಇದಕ್ಕೆ 'ಪಾಗಲ್ ಕಿ ದವಾ' ಎಂದೇ ಹೆಸರು. ವಿಪರೀತ ಗಲಾಟೆ ಮಾಡುವ, ನಿದ್ದೆಯಿಲ್ಲದೆ ಅಲೆಯುವ ರೋಗಿಗೆ ಬೇರಿನ ಪುಡಿ ಕೊಟ್ಟರೆ ಆತ ಸಮಾಧಾನಗೊಂಡು ಮಲಗುತ್ತಾನೆ ಎಂಬುದು ಅವರ ಅನುಭವ.

ಇದನ್ನು ವೈದ್ಯಪತ್ರಿಕೆಯ ಪುಟಕ್ಕೆ ತಂದವರು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್. 1931ರಲ್ಲಿ ಪ್ರಕಟವಾದ ಅವರ ಲೇಖನ ಈ ಬೇರನ್ನು ಹುಚ್ಚಿಗೂ ಅಧಿಕ ರಕ್ತದೊತ್ತಡಕ್ಕೂ ಭಾರತದ ಹೊಸ ಔಷಧ ಎಂದು ಪರಿಚಯಿಸಿತು. ಸೇನ್ ಆಯುರ್ವೇದದ ಕವಿರಾಜರು, ಜೊತೆಗೆ ಆಧುನಿಕ ವೈದ್ಯವನ್ನೂ ಓದಿದವರು. ಪುಡಿಯನ್ನು 20ರಿಂದ 30 ಗ್ರೇನ್, ಅಂದರೆ ಸುಮಾರು ಒಂದೂಕಾಲರಿಂದ ಎರಡು ಗ್ರಾಂನಷ್ಟು, ದಿನಕ್ಕೆ ಎರಡು ಸಲ ಕೊಟ್ಟರೆ ನಿದ್ದೆ ಬರುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಉದ್ರೇಕ ಕಡಿಮೆಯಾಗುತ್ತದೆ ಎಂದು ಅವರು ದಾಖಲಿಸಿದರು. ಹಳ್ಳಿಯ ಅನುಭವಕ್ಕೆ ಅಳತೆಯನ್ನು ಕೊಟ್ಟದ್ದು ಅವರ ದೊಡ್ಡ ಕೆಲಸ.

ಅದೇ 1931ರಲ್ಲಿ ದೆಹಲಿಯ ಟಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಎಂಬ ರಸಾಯನವಿಜ್ಞಾನಿಗಳು ಈ ಬೇರಿನಿಂದ ಐದು ಕ್ಷಾರಸತ್ವಗಳನ್ನು ಬೇರ್ಪಡಿಸಿದರು. ಆ ಕಾಲೇಜನ್ನು ಕಟ್ಟಿದವರು ಹಕೀಂ ಅಜ್ಮಲ್ ಖಾನ್. 1921ರಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಯುನಾನಿ ಮತ್ತು ಆಯುರ್ವೇದ ಎರಡನ್ನೂ ಕಲಿಸುತ್ತಲೇ ಹಳೆಯ ಮದ್ದುಗಳನ್ನು ಹೊಸ ರಸಾಯನಶಾಸ್ತ್ರದಿಂದ ಪರೀಕ್ಷಿಸಬೇಕೆಂಬುದು ಹಕೀಂ ಸಾಹೇಬರ ಆಸೆಯಾಗಿತ್ತು. ಅವರು 1927ರಲ್ಲಿ ತೀರಿಕೊಂಡಿದ್ದರು. ಸಿದ್ದಿಕಿ ಒಂದು ಸತ್ವಕ್ಕೆ 'ಅಜ್ಮಲೀನ್' ಎಂದು ಅವರ ಹೆಸರಿಟ್ಟರು. ಹೃದಯಬಡಿತದ ಒಂದು ಬಗೆಯ ತೊಂದರೆಯನ್ನು ಪತ್ತೆಹಚ್ಚಲು ಅಜ್ಮಲೀನನ್ನು ಈಗಲೂ ಬಳಸುತ್ತಾರೆ. 1956ರವರೆಗೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ನಮ್ಮ ರಾಯಚೂರಿಗೆ ಹಕೀಮರ ಯುನಾನಿ ಹೊಸದೇನಲ್ಲ. ಹಕೀಮರ ಪರಂಪರೆಯೇ ಪ್ರಯೋಗಾಲಯದ ಬಾಗಿಲು ತೆರೆಯಿತು ಎಂಬುದನ್ನು ಇಲ್ಲಿ ಕುಳಿತ ನಾವು ನೆನೆಯಬೇಕು.

ಪಡಸಾಲೆಯಿಂದ ಪ್ರಪಂಚಕ್ಕೆ

ಸಿದ್ದಿಕಿಯವರು ಬೇರ್ಪಡಿಸಿದ ಸತ್ವಗಳಲ್ಲಿ ನಿದ್ದೆ ತರಿಸುವ ಮುಖ್ಯ ವಸ್ತು ಇರಲಿಲ್ಲ. ಕಲ್ಕತ್ತೆಯಲ್ಲಿ ರಾಮನಾಥ ಚೋಪ್ರಾ ಮತ್ತು ಅವರ ಸಹೋದ್ಯೋಗಿಗಳು ಹುಡುಕಾಟ ಮುಂದುವರಿಸಿದರು. ಮಂಪರು ತರುವ ಗುಣ ಬೇರಿನ ಅಂಟಿನಂಥ ಭಾಗದಲ್ಲಿದೆ ಎಂದು 1940ರ ದಶಕದಲ್ಲಿ ಗುರುತಿಸಿದರು. ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 50 ಮಂದಿ ರಕ್ತದೊತ್ತಡದ ರೋಗಿಗಳಿಗೆ ಸರ್ಪಗಂಧ ಕೊಟ್ಟು ನೋಡಿ, ಫಲಿತಾಂಶವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಹೊರಗಿನ ಪ್ರಪಂಚ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸೀಬಾ ಕಂಪನಿಯ ವಿಜ್ಞಾನಿಗಳು ಆ ಮುಖ್ಯ ವಸ್ತುವನ್ನು ಶುದ್ಧ ರೂಪದಲ್ಲಿ ಹಿಡಿದರು. ಅದೇ ರೆಸರ್ಪೀನ್.

ಮನೋರೋಗದ ಕಡೆಗೆ ಅದು ತಿರುಗಿದ್ದು ಅಹಮದಾಬಾದಿನ ಮೂಲಕ. ಅಲ್ಲಿನ ವೈದ್ಯ ಡಾ. ಹಕೀಂ 1953ರಲ್ಲಿ ಈ ಗಿಡದಿಂದ ಮನೋರೋಗಿಗಳಿಗೆ ಮಾಡಿದ ಚಿಕಿತ್ಸೆಯ ಬಗ್ಗೆ ಪ್ರಬಂಧ ಮಂಡಿಸಿದರು. ಅದರ ಸುದ್ದಿ ಅಮೆರಿಕದ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ನ್ಯೂಯಾರ್ಕಿನ ಮನೋವೈದ್ಯ ನೇಥನ್ ಕ್ಲೈನ್ ತಮ್ಮ ರಾಕ್‌ಲೆಂಡ್ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧವನ್ನು ಪ್ರಯೋಗಿಸಿ 1954ರಲ್ಲಿ ವರದಿ ಪ್ರಕಟಿಸಿದರು. ಔಷಧಿ ಫಲ ಕೊಡುತ್ತಿದೆ ಎಂದು ತಮಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಆಸ್ಪತ್ರೆಗೆ ಗಾಜು ಕೂರಿಸುವವನೂ ಒಬ್ಬ ಎಂದು ಕ್ಲೈನ್ ಮುಂದೆ ಹೇಳುತ್ತಿದ್ದರು. ಒಡೆಯುವ ಕಿಟಕಿಗಳೇ ಕಡಿಮೆಯಾಗಿ ಅವನಿಗೆ ಕೆಲಸ ಇಳಿದಿತ್ತಂತೆ. 1957ರಲ್ಲಿ ಅಮೆರಿಕದ ಪ್ರತಿಷ್ಠಿತ ಲ್ಯಾಸ್ಕರ್ ಪ್ರಶಸ್ತಿಯನ್ನು ಪಡೆದವರಲ್ಲಿ ಕ್ಲೈನ್ ಮತ್ತು ನಮ್ಮ ವಕೀಲ್ ಇಬ್ಬರೂ ಇದ್ದರು.

ಇಲ್ಲಿಗೆ ಕಥೆ ನಿಲ್ಲಿಸಿದರೆ 'ನೋಡಿ, ನಮ್ಮ ಬೇರು ಗೆದ್ದಿತು' ಎಂದು ಚಪ್ಪಾಳೆ ತಟ್ಟಬಹುದು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದೇ ಮುಖ್ಯ.

ಯೊರುಬಾ ವೈದ್ಯರ ಬೇರು

ಅದಕ್ಕೂ ಮೊದಲು ಆಫ್ರಿಕಕ್ಕೆ ಒಮ್ಮೆ ಹೋಗಿಬರೋಣ. ಸರ್ಪಗಂಧದ ಕುಲಕ್ಕೆ ಸೇರಿದ ಇನ್ನೊಂದು ಗಿಡ ಪಶ್ಚಿಮ ಮತ್ತು ಮಧ್ಯ ಆಫ್ರಿಕದಲ್ಲಿ ಬೆಳೆಯುತ್ತದೆ. ಸಸ್ಯಶಾಸ್ತ್ರದ ಹೆಸರು ರಾವುಲ್ಫಿಯ ವಾಮಿಟೋರಿಯ. ನಮ್ಮದು ಮೊಳಕಾಲೆತ್ತರದ ಗಿಡವಾದರೆ ಅದು ಪೊದೆ ಅಥವಾ ಸಣ್ಣ ಮರ. ನೈಜೀರಿಯದ ಯೊರುಬಾ ಜನ ಅದನ್ನು 'ಅಸೊಫೆಯೆಜೆ' ಎನ್ನುತ್ತಾರೆ. ಅಲ್ಲಿನ ನಾಟಿ ವೈದ್ಯರು ಅದರ ಬೇರನ್ನು ಹುಚ್ಚಿನ ಚಿಕಿತ್ಸೆಗೆ ಬಳಸುತ್ತಿದ್ದರು. ಬಿಹಾರದ ಹಳ್ಳಿಗೂ ಯೊರುಬಾ ಹಳ್ಳಿಗೂ ನಡುವೆ ಸಾವಿರಾರು ಮೈಲಿ ಅಂತರ. ಗಿಡವೂ ಅದೇ ಅಲ್ಲ. ಆದರೂ ಎರಡೂ ಕಡೆ ಜನ ಒಂದೇ ಕುಲದ ಬೇರನ್ನು ಒಂದೇ ಕಾಯಿಲೆಗೆ ಆರಿಸಿಕೊಂಡರು. ಎರಡರಲ್ಲೂ ರೆಸರ್ಪೀನ್ ಇತ್ತು.

ಇದನ್ನು ಮನೋವೈದ್ಯರ ಗಮನಕ್ಕೆ ತಂದವರು ಕೆನಡದ ರೇಮಂಡ್ ಪ್ರಿನ್ಸ್. ನೈಜೀರಿಯದ ಅಬೆಯೊಕುಟ ಬಳಿಯ ಆರೋ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡಿದ್ದರು. 1960ರಲ್ಲಿ ನೈಜೀರಿಯದ ನಾಟಿ ವೈದ್ಯರು ಮನೋವಿಕಾರಗಳಿಗೆ ಈ ಕುಲದ ಬೇರನ್ನು ಬಳಸುವ ಬಗೆಯನ್ನು ಅಮೆರಿಕದ ಮನೋವೈದ್ಯ ಪತ್ರಿಕೆಯಲ್ಲಿ ಬರೆದರು. ಅದೇ ಆಸ್ಪತ್ರೆಯನ್ನು 1950ರ ದಶಕದಲ್ಲಿ ನಡೆಸಿದ ಥಾಮಸ್ ಲ್ಯಾಂಬೊ ಎಂಬ ನೈಜೀರಿಯದ ವೈದ್ಯರು ರೋಗಿಗಳನ್ನು ಬೀಗದ ಕೋಣೆಯಲ್ಲಿಡುವ ಬದಲು ಸುತ್ತಲಿನ ಹಳ್ಳಿಗಳಲ್ಲಿ, ಬಂಧುಗಳ ಜೊತೆ ಇರಿಸಿದರು. ನಾಟಿ ವೈದ್ಯರ ಸಹಕಾರವನ್ನೂ ಪಡೆದರು.

ಆಫ್ರಿಕದ ಗಿಡ ವ್ಯಾಪಾರದಲ್ಲೂ ಮುಂದೆ ಬಂತು. ಔಷಧ ಕಂಪನಿಗಳ ಬೇಡಿಕೆಗೆ ನಮ್ಮ ಕಾಡುಗಳಿಂದ ಸರ್ಪಗಂಧವನ್ನು ಬೇರುಸಹಿತ ಕಿತ್ತು ಸಾಗಿಸಿದ್ದರಿಂದ ಗಿಡ ಅಪರೂಪವಾಯಿತು. 1950ರ ದಶಕದಲ್ಲೇ ಭಾರತ ಬೇರಿನ ರಫ್ತನ್ನು ನಿರ್ಬಂಧಿಸಿತು. ಕಂಪನಿಗಳು ಹೆಚ್ಚು ರೆಸರ್ಪೀನ್ ಇರುವ ಆಫ್ರಿಕದ ಬೇರಿನ ಕಡೆ ತಿರುಗಿದವು. ಸರ್ಪಗಂಧ 1990ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಬೇರೇ ಔಷಧಿಯಾದಾಗ ಗಿಡ ಉಳಿಯುವುದಿಲ್ಲ. ಎಲೆ ಕಿತ್ತರೆ ಚಿಗುರುತ್ತದೆ, ಬೇರು ಕಿತ್ತರೆ ಮುಗಿಯಿತು.

ಹಗೇವಿನ ಬಾಯಿ ಮುಚ್ಚಿದಂತೆ

ರೆಸರ್ಪೀನ್ ಹೇಗೆ ಕೆಲಸ ಮಾಡುತ್ತದೆ? ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬೇಕಾದಾಗ ತೆಗೆಯುವುದು, ಉಳಿದದ್ದನ್ನು ಕಾಪಾಡುವುದು. ಮಿದುಳಿನ ನರಕೋಶಗಳ ತುದಿಯಲ್ಲೂ ಇಂಥ ಸೂಕ್ಷ್ಮ ಹಗೇವುಗಳಿವೆ. ಡೋಪಮಿನ್, ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಅವುಗಳಲ್ಲಿ ತುಂಬಿರುತ್ತವೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಇವುಗಳ ಮೂಲಕ. ರೆಸರ್ಪೀನ್ ಹಗೇವಿನ ಬಾಯಿ ಮುಚ್ಚಿಬಿಡುತ್ತದೆ. ಒಳಗೆ ಹೋಗಲಾಗದ ಕಾಳು ಹೊರಗೆ ಬಿದ್ದು ಇರುವೆ ಪಾಲಾಗುವಂತೆ, ಈ ರಾಸಾಯನಿಕಗಳು ಕೋಶದಲ್ಲೇ ಒಡೆದು ನಾಶವಾಗುತ್ತವೆ. ದಾಸ್ತಾನು ಬರಿದಾಗುತ್ತದೆ. ಉದ್ರೇಕ ತಗ್ಗುತ್ತದೆ, ರಕ್ತದೊತ್ತಡ ಇಳಿಯುತ್ತದೆ.

ಈ ತಿಳಿವಳಿಕೆಯ ಮೊದಲ ಎಳೆ ಸಿಕ್ಕಿದ್ದು 1955ರಲ್ಲಿ. ಅಮೆರಿಕದ ಬರ್ನಾರ್ಡ್ ಬ್ರೋಡಿ ಮತ್ತು ಸಂಗಡಿಗರು ರೆಸರ್ಪೀನ್ ಕೊಟ್ಟಾಗ ಸೆರೊಟೋನಿನ್ ಬರಿದಾಗುವುದನ್ನು ಕಂಡರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರೆಸರ್ಪೀನಿನಿಂದ ಮಂಕಾಗಿ ಕಿವಿ ಜೋಲಿಸಿ ಬಿದ್ದಿದ್ದ ಮೊಲಗಳಿಗೆ, ದೇಹದಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪ ಎಂಬ ವಸ್ತುವನ್ನು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಅವು ಎಚ್ಚೆತ್ತು ಓಡಾಡಿದವು. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಈಗ ಕೊಡುವ ಮುಖ್ಯ ಔಷಧದ ದಾರಿ ಅಲ್ಲಿಂದ ತೆರೆಯಿತು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮಿದುಳಿನ ರಾಸಾಯನಿಕಗಳ ಬಗ್ಗೆ ಇಡೀ ಜಗತ್ತು ಕಲಿತ ಮೊದಲ ಪಾಠಗಳಲ್ಲಿ ಕೆಲವು ಸರ್ಪಗಂಧದ ಬೇರಿನಿಂದ ಬಂದವು.

ಫಲ ಎಷ್ಟು, ಅಪಾಯ ಎಷ್ಟು?

ಹಗೇವು ಬರಿದಾದರೆ ಗಲಾಟೆ ಮಾಡುವವನಿಗೆ ಸಮಾಧಾನ ಸಿಗಬಹುದು. ಆದರೆ ಅದೇ ಬರಿದು ತೊಂದರೆಯನ್ನೂ ತರುತ್ತದೆ. ಪಾರ್ಕಿನ್ಸನ್ ಕಾಯಿಲೆಯಂಥ ನಡುಕ ಮತ್ತು ಬಿಗಿತ, ತೀರ ಇಳಿದ ರಕ್ತದೊತ್ತಡ, ಹೊಟ್ಟೆಹುಣ್ಣಿನ ಉಲ್ಬಣ, ಭೇದಿ, ಮೂಗು ಕಟ್ಟುವುದು, ಇವು ದಾಖಲಾದ ಅಡ್ಡ ಪರಿಣಾಮಗಳು. ರಕ್ತದೊತ್ತಡಕ್ಕೆ ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ತೆಗೆದುಕೊಂಡ ಕೆಲವರು ಖಿನ್ನತೆಗೆ ಜಾರಿದರು ಎಂಬ ವರದಿಗಳು 1950ರ ದಶಕದಲ್ಲಿ ಬಂದವು. ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ. 1955ರಲ್ಲಿ ಲಂಡನ್ನಿನಲ್ಲಿ ಡೇವಿಸ್ ಮತ್ತು ಶೆಪರ್ಡ್ ಆತಂಕ, ಖಿನ್ನತೆ ಇದ್ದ ರೋಗಿಗಳಲ್ಲಿ ಕೆಲವರಿಗೆ ರೆಸರ್ಪೀನ್, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟು ಹೋಲಿಸಿದಾಗ, ರೆಸರ್ಪೀನ್ ಪಡೆದವರೇ ಹೆಚ್ಚು ಸುಧಾರಿಸಿದ್ದರು. ಹಳೆಯ ಅಧ್ಯಯನಗಳನ್ನೆಲ್ಲ ಈಚಿನ ವರ್ಷಗಳಲ್ಲಿ ಮತ್ತೆ ಒಟ್ಟಿಗೆ ಪರಿಶೀಲಿಸಿದವರಿಗೂ ಒಂದೇ ದಿಕ್ಕಿನ ಉತ್ತರ ಸಿಗಲಿಲ್ಲ.

ಇಷ್ಟರಲ್ಲಿ ಇನ್ನೊಂದು ಔಷಧ ಬಂದಿತ್ತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಮನೋರೋಗಿಗಳಿಗೆ ಮೊದಲು ಬಳಸಿದ ಕ್ಲೋರ್‌ಪ್ರೊಮಝೀನ್ ಗಿಡದಿಂದ ಬಂದದ್ದಲ್ಲ, ಪ್ರಯೋಗಾಲಯದಲ್ಲಿ ತಯಾರಾದದ್ದು. ಇವೆರಡನ್ನೂ ಹೋಲಿಸಿದ ಪ್ರಯೋಗಗಳು ಹಲವು ನಡೆದವು. ಅವನ್ನೆಲ್ಲ ಕಲೆಹಾಕಿ 2016ರಲ್ಲಿ ಪ್ರಕಟವಾದ ಪರಾಮರ್ಶೆಯ ಪ್ರಕಾರ, ಸ್ಕಿಜೊಫ್ರೀನಿಯ ಕಾಯಿಲೆಗೆ ಕ್ಲೋರ್‌ಪ್ರೊಮಝೀನೇ ಮೇಲು. ಆ ಹಳೆಯ ಪ್ರಯೋಗಗಳ ಗುಣಮಟ್ಟ ಉನ್ನತವಾಗಿರಲಿಲ್ಲ ಎಂಬುದನ್ನೂ ಅದು ಹೇಳಿತು. ವೈದ್ಯರು ಅದಕ್ಕೆ ಎಷ್ಟೋ ಮೊದಲೇ ರೆಸರ್ಪೀನನ್ನು ಬಿಟ್ಟಿದ್ದರು. ಅದರ ಹಗೇವಿನ ತತ್ವ ಮಾತ್ರ ಉಳಿಯಿತು. ಮನೋರೋಗದ ಗುಳಿಗೆಗಳನ್ನು ದೀರ್ಘಕಾಲ ತೆಗೆದುಕೊಂಡ ಕೆಲವರಿಗೆ ಬಾಯಿ, ನಾಲಗೆ ತಾನಾಗಿ ಆಡುವ ತೊಂದರೆ ಬರುತ್ತದೆ. ಅದಕ್ಕೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಾಲ್‌ಬೆನಝೀನ್ ಎಂಬ ಔಷಧ ಅದೇ ಹಗೇವಿನ ಬಾಯಿಯನ್ನು ಹದವಾಗಿ ಮುಚ್ಚುತ್ತದೆ.

ಬೆಂಗಳೂರಿನ ಪ್ರಯೋಗ

'ಅದು ಬೇರಿನಿಂದ ತೆಗೆದ ಒಂದೇ ಸತ್ವದ ಮಾತಾಯಿತು. ಆಯುರ್ವೇದ ಹಲವು ಗಿಡಗಳನ್ನು ಕೂಡಿಸಿ ಕೊಡುತ್ತದೆ. ಅದನ್ನು ಯಾರಾದರೂ ಪರೀಕ್ಷಿಸಿದರೆ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ್ದು ನಮ್ಮ ಬೆಂಗಳೂರಿನಲ್ಲೇ.

ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಮನೋವೈದ್ಯರೂ ಆಯುರ್ವೇದ ವೈದ್ಯರೂ ಜೊತೆಗೂಡಿ ನಡೆಸಿದ ಪ್ರಯೋಗವೊಂದು 1976ರಲ್ಲಿ ಪ್ರಕಟವಾಯಿತು. ಉನ್ಮಾದದ, ಅಂದರೆ ಸ್ಕಿಜೊಫ್ರೀನಿಯದ ರೋಗಿಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಸರ್ಪಗಂಧವೂ ಸೇರಿದ 'ಬ್ರಾಹ್ಮ್ಯಾದಿ ಯೋಗ' ಎಂಬ ಮಿಶ್ರಣ, ಎರಡನೆಯದಕ್ಕೆ ತಗರ, ಮೂರನೆಯದಕ್ಕೆ ಕ್ಲೋರ್‌ಪ್ರೊಮಝೀನ್, ನಾಲ್ಕನೆಯದಕ್ಕೆ ಹುಸಿ ಔಷಧ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಫಲಿತಾಂಶ ಅಳೆಯುವವರಿಗೂ ಗೊತ್ತಿಲ್ಲ. ಯಾರ ಅಭಿಮಾನವೂ ತಕ್ಕಡಿಯನ್ನು ಎಳೆಯದಂತೆ ಮಾಡಿದ ಏರ್ಪಾಡು ಅದು.

ಇಂಥ ಪ್ರಯೋಗಗಳನ್ನು ಕಲೆಹಾಕಿದ ಒಂದು ಪರಾಮರ್ಶೆ 2007ರಲ್ಲಿ ಹೊರಬಂತು. ಅದಕ್ಕೆ ಸಿಕ್ಕ ಅರ್ಹ ಪ್ರಯೋಗಗಳು ಮೂರೇ, ರೋಗಿಗಳು ಒಟ್ಟು 250. ಹುಸಿ ಔಷಧಕ್ಕೆ ಹೋಲಿಸಿದರೆ ಬ್ರಾಹ್ಮ್ಯಾದಿ ಯೋಗದಿಂದ ಸ್ವಲ್ಪ ಸುಧಾರಣೆಯ ಸೂಚನೆ ಒಂದು ಅಳತೆಯಲ್ಲಿ ಕಂಡಿತು. ಉಳಿದ ಅಳತೆಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಕ್ಲೋರ್‌ಪ್ರೊಮಝೀನಿಗೆ ಹೋಲಿಸಿದರೆ ಅದು ಹಿಂದೆ ಬಿತ್ತು. ಓಕರಿಕೆ, ವಾಂತಿಯೂ ಹೆಚ್ಚಿತ್ತು.

ಹಾಗಾದರೆ ಬೇರಿನ ಕಥೆ ಸುಳ್ಳಾಯಿತೆ? ಇಲ್ಲ. ಬಿಹಾರದ ಹಳ್ಳಿಗನೂ ಯೊರುಬಾ ವೈದ್ಯನೂ ಕಂಡದ್ದು ನಿಜ. ಬೇರಿಗೆ ಶಕ್ತಿಯಿದೆ, ಅದು ಮಿದುಳನ್ನು ಮುಟ್ಟುತ್ತದೆ. ಮೂಢನಂಬಿಕೆ ಎಂದವರಿಗೆ ಇದು ಉತ್ತರ. ಆದರೆ 'ಶಕ್ತಿಯಿದೆಯೆ?' ಎಂಬುದು ಮೊದಲ ಪ್ರಶ್ನೆ ಮಾತ್ರ. ಯಾವ ಕಾಯಿಲೆಗೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ಅಪಾಯಕ್ಕೆ, ಇದಕ್ಕಿಂತ ಮೇಲಾದದ್ದು ಕೈಯಲ್ಲಿದೆಯೆ ಎಂಬ ಪ್ರಶ್ನೆಗಳು ಅದರ ಹಿಂದೆಯೇ ಬರುತ್ತವೆ. ಅವನ್ನು ಕೇಳಿದಾಗ ಬೇರು ಹಿಂದೆ ಸರಿಯಿತು. ಬೇರೇ ಮೇಲು ಎಂದವರಿಗೆ ಇದು ಉತ್ತರ.

ಪುಡಿಗೂ ಗುಳಿಗೆಗೂ ಇನ್ನೊಂದು ಅಂತರವಿದೆ. ಗಿಡ ಬೆಳೆದ ನೆಲ, ವಯಸ್ಸು, ಕಿತ್ತ ಋತು, ಇವುಗಳಿಗೆ ತಕ್ಕಂತೆ ಬೇರಿನ ಸತ್ವ ಏರುಪೇರಾಗುತ್ತದೆ. ಅಮೆರಿಕ ಖಂಡದಿಂದ ಬಂದು ನಮ್ಮ ದೇಶದಲ್ಲಿ ಹರಡಿರುವ ಅದೇ ಕುಲದ ಇನ್ನೊಂದು ಗಿಡದ ಬೇರನ್ನು ಸರ್ಪಗಂಧದಲ್ಲಿ ಕಲಬೆರಕೆ ಮಾಡುವುದೂ ಉಂಟು. ಸಂತೆಯಲ್ಲಿ ಕೊಂಡ ಪುಡಿಯ ಒಂದು ಚಮಚದಲ್ಲಿ ಔಷಧ ಎಷ್ಟಿದೆ ಎಂದು ಹೇಳಲು ಕೊಡುವವನಿಗೂ ಸಾಧ್ಯವಿಲ್ಲ. ಬಿ.ಪಿ. ಗುಳಿಗೆ ನುಂಗುತ್ತಿರುವ ಹಿರಿಯರಿಗೆ ಇದನ್ನು ಕೊಟ್ಟರೆ ಒತ್ತಡ ಎಲ್ಲಿಗೆ ಕುಸಿದೀತೋ ಹೇಳಲಾಗದು. ಆಸ್ಪತ್ರೆಯ ಗುಳಿಗೆಯಿಂದ ಸುಧಾರಿಸಿದ ಮಗನಿಗೆ ಅದನ್ನು ನಿಲ್ಲಿಸಿ ಪುಡಿ ಶುರುಮಾಡಿದರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು.

ಬಳ್ಳಾರಿ ತೋರಿದ ದಾರಿ

ಮೇಲಾದ ಔಷಧ ಇದೆ ಎಂದರೆ ಸಾಲದು, ಅದು ಹಳ್ಳಿಗೆ ಮುಟ್ಟಬೇಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮನೋರೋಗ ಇರುವವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92. ಬೇರು ಕೊಡುವವನು ಓಣಿಯಲ್ಲೇ ಸಿಗುತ್ತಾನೆ, ಕೂತು ಮಾತಾಡುತ್ತಾನೆ, ಮನೆಯವರ ಹೆಸರು ಬಲ್ಲ. ಮನೋವೈದ್ಯರು ಇರುವುದು ದೂರದಲ್ಲಿ. ಜನ ಹತ್ತಿರದವನ ಬಳಿ ಹೋಗುವುದರಲ್ಲಿ ಆಶ್ಚರ್ಯವೇನಿದೆ?

ಇದನ್ನು ಬದಲಿಸಬಹುದು ಎಂದು ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ. 1985ರಲ್ಲಿ ಅಲ್ಲಿ ನಿಮ್ಹಾನ್ಸ್ ನೆರವಿನಿಂದ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟರು, ಆಯ್ದ ಕೆಲವೇ ಔಷಧಗಳನ್ನು ಅಲ್ಲೇ ಸಿಗುವಂತೆ ಮಾಡಿದರು. ಆ ಮಾದರಿಯನ್ನೇ ಆಧರಿಸಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬೇರು ಕೊಡುವವರನ್ನೂ ಗುಡಿ ದರ್ಗಾದವರನ್ನೂ ದೂರ ತಳ್ಳಿ ಈ ಕೆಲಸ ಆಗದು. ನೈಜೀರಿಯ ಮತ್ತು ಘಾನಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 307 ಮನೋರೋಗಿಗಳಿದ್ದರು. ನಾಟಿ ವೈದ್ಯರು, ಪ್ರಾರ್ಥನೆಯಿಂದ ಗುಣಪಡಿಸುವವರು ಮತ್ತು ಆರೋಗ್ಯ ಕೇಂದ್ರದ ಸಿಬ್ಬಂದಿ ಒಟ್ಟಾಗಿ ನೋಡಿಕೊಂಡ ರೋಗಿಗಳು, ಅಂಥ ಏರ್ಪಾಡು ಇಲ್ಲದ ಕಡೆಯ ರೋಗಿಗಳಿಗಿಂತ ಹೆಚ್ಚು ಸುಧಾರಿಸಿದ್ದರು. ಅಸೊಫೆಯೆಜೆ ಬೇರನ್ನು ನಮಗೆ ತೋರಿಸಿಕೊಟ್ಟ ನಾಡೇ ಈ ಪಾಠವನ್ನೂ ಕೊಟ್ಟಿದೆ.

ಆದ್ದರಿಂದ ನನ್ನ ಕೋರಿಕೆ ಸರಳ. ಹರಕೆ ತೀರಿಸುವವರು ತೀರಿಸಲಿ. ಆದರೆ ರೋಗಿಯನ್ನು ಕಟ್ಟಿಹಾಕಬೇಡಿ, ಹೊಡೆಯಬೇಡಿ. ಶುರುವಾದ ಗುಳಿಗೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಯಾರಾದರೂ ಬೇರಿನ ಪುಡಿ ಕೊಟ್ಟಿದ್ದರೆ ಅದನ್ನು ನಾಚಿಕೆಯಿಲ್ಲದೆ ಆಸ್ಪತ್ರೆಯಲ್ಲಿ ಹೇಳಿ. ಗಣನಾಥ ಸೇನ್ ಅವರಂಥ ಕವಿರಾಜರು ಬೇರನ್ನು ತೂಗಿ, ಅಳೆದು, ಬರೆದಿಟ್ಟು ನೋಡಿದರು. ಪರಂಪರೆಗೆ ನಾವು ತೋರಬಹುದಾದ ಗೌರವವೂ ಅದೇ.